ಓಸಿ ಕೇಳಿದರೆ ಬ್ಯಾಂಕಿನ ಹೆಸರು ಹೇಳುವವರಿಂದ ಮನೆ ಕೊಳ್ಳಬೇಡಿ

ನಮಸ್ಕಾರ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರು ಗಮನಿಸಬೇಕಾದ ಅಪಾಯದ ಸೂಚನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಮಾತನಾಡಿದ್ದೆ. ಅದನ್ನು ನೋಡಿದ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ಸರ್, ನೀವು ಸುಮ್ಮನೆ ಜನರನ್ನು ಹೆದರಿಸುತ್ತೀರಿ. ದೊಡ್ಡ ಬ್ಯಾಂಕೇ ಸಾಲ ಕೊಡುತ್ತಿದೆ ಎಂದ ಮೇಲೆ ದಾಖಲೆಗಳೆಲ್ಲ ಸರಿ ಇವೆ ಎಂದೇ ಅರ್ಥ." ಈ ಮಾತನ್ನು ಮೆಚ್ಚಿದವರೂ ಅನೇಕರಿದ್ದಾರೆ. ಅವರಲ್ಲಿ ಕೆಲವರಾದರೂ ಈ ತಿಂಗಳೇ ಮುಂಗಡ ಕೊಡಲು ಹೊರಟವರಿರಬಹುದು ಎಂಬ ಆತಂಕದಿಂದ ಇಂದಿನ ಇಡೀ ಸಂಚಿಕೆಯನ್ನು ಆ ಒಂದು ಮಾತಿಗೇ ಮೀಸಲಿಡುತ್ತಿದ್ದೇನೆ.

ಬ್ಯಾಂಕು ಸಾಲ ಕೊಟ್ಟಿತೆಂಬುದು ಮನೆ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗದು. ನೀವು ಓಸಿಯನ್ನು, ಅಂದರೆ ಕಟ್ಟಡದಲ್ಲಿ ಜನ ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರವನ್ನು, ಕೇಳಿದಾಗ ಮಾರುವವರು ಓಸಿಯ ಬದಲು ಬ್ಯಾಂಕಿನ ಹೆಸರು ಹೇಳಿದರೆ ಅದೇ ಎಲ್ಲಕ್ಕಿಂತ ದೊಡ್ಡ ಅಪಾಯದ ಸೂಚನೆ.

ಸಾಲ ಕೊಡುವಾಗ ಬ್ಯಾಂಕು ಏನನ್ನು ನೋಡುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಅದರ ವಕೀಲರು ಮೂಲಪತ್ರಗಳನ್ನೂ ಋಣಭಾರ ಪತ್ರವನ್ನೂ ಪರಿಶೀಲಿಸುತ್ತಾರೆ, ಅದರ ಮೌಲ್ಯಮಾಪಕರು ಬಂದು ಬೆಲೆ ಕಟ್ಟುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಸಂಬಳದ ಚೀಟಿಯನ್ನೂ ಸಿಬಿಲ್ ಅಂಕವನ್ನೂ ನೋಡಿ ಕಂತು ಕಟ್ಟುವ ಶಕ್ತಿ ನಿಮಗಿದೆಯೇ ಎಂದು ಅಳೆಯುತ್ತಾರೆ. ಈ ಪರಿಶೀಲನೆಯೆಲ್ಲ ಬ್ಯಾಂಕಿನ ಹಣದ ರಕ್ಷಣೆಗಾಗಿ ನಡೆಯುವಂಥದ್ದು. ಒಂದು ಕೋಟಿಯ ಫ್ಲ್ಯಾಟಿಗೆ ರಿಸರ್ವ್ ಬ್ಯಾಂಕಿನ ಮಿತಿಯ ಪ್ರಕಾರ ಹೆಚ್ಚೆಂದರೆ 75 ಲಕ್ಷ ಸಾಲ ಸಿಗುತ್ತದೆ. ಉಳಿದ 25 ಲಕ್ಷ, ಅದರ ಮೇಲೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ, ಎಲ್ಲವೂ ನಿಮ್ಮ ಕೈಯಿಂದಲೇ ಹೋಗಬೇಕು. ನಾಳೆ ಆ ಮನೆಯ ಬೆಲೆ ಕುಸಿದರೆ ಮೊದಲು ಕರಗುವುದು ನಿಮ್ಮ 25 ಲಕ್ಷ. ಕಟ್ಟಡ ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ, ಏಕೆಂದರೆ ಸಾಲಪತ್ರಕ್ಕೆ ಸಹಿ ಹಾಕಿದವರು ನೀವು.

ಇನ್ನು ಓಸಿ, ಅಂದರೆ ಸ್ವಾಧೀನಾನುಭವ ಪತ್ರ. ಮಂಜೂರಾದ ನಕ್ಷೆಯಂತೆಯೇ ಕಟ್ಟಡ ಎದ್ದಿದೆ, ಇದರಲ್ಲಿ ಜನ ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಪರಿಶೀಲಿಸಿ ಕೊಡುವ ಪತ್ರವದು. ನಾಲ್ಕು ಮಹಡಿಗೆ ಅನುಮತಿ ಪಡೆದು ಐದು ಕಟ್ಟಿದ್ದರೆ, ಸುತ್ತ ಬಿಡಬೇಕಾದ ಸೆಟ್‌ಬ್ಯಾಕನ್ನು ನುಂಗಿದ್ದರೆ, ವಾಹನ ನಿಲ್ಲಿಸುವ ತಳಮಹಡಿಯನ್ನು ಅಂಗಡಿ ಮಾಡಿದ್ದರೆ ಈ ಪತ್ರ ಸಿಗಬಾರದು. ಆದ್ದರಿಂದಲೇ ಅದನ್ನು ತೋರಿಸಲು ಕೆಲವರು ಹಿಂಜರಿಯುತ್ತಾರೆ. ಓಸಿಯನ್ನು ಪಡೆದು ಕೊಳ್ಳುವವರಿಗೆ ಕೊಡುವ ಹೊಣೆಯನ್ನು ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ನಿರ್ಮಾಣದಾರರ ಮೇಲೆಯೇ ಹೊರಿಸಿದೆ. ಬ್ಯಾಂಕಿನ ವಕೀಲರ ಅಭಿಪ್ರಾಯ ಎಷ್ಟೇ ದಪ್ಪವಿದ್ದರೂ ಈ ಒಂದು ಹಾಳೆಯ ಜಾಗವನ್ನು ತುಂಬಲಾರದು.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಕ್ರಮ ಕಟ್ಟಡಗಳ ಕುರಿತ ತೀರ್ಪೊಂದರಲ್ಲಿ, ಬ್ಯಾಂಕುಗಳು ಇಂಥ ಪತ್ರವನ್ನು ಪರಿಶೀಲಿಸಿದ ನಂತರವೇ ಕಟ್ಟಡದ ಮೇಲೆ ಸಾಲ ಕೊಡಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕವನ್ನೂ ಅದನ್ನು ನೋಡಿಯೇ ಕೊಡಬೇಕು ಎಂದು ನಿರ್ದೇಶಿಸಿತು. ಬ್ಯಾಂಕುಗಳು ಮೊದಲಿನಿಂದಲೂ ಎಲ್ಲವನ್ನೂ ನೋಡಿಯೇ ಸಾಲ ಕೊಡುತ್ತಿದ್ದರೆ ಸರ್ವೋಚ್ಚ ನ್ಯಾಯಾಲಯ ಹೀಗೆ ಹೇಳಬೇಕಾದ ಪ್ರಮೇಯವೇ ಇರಲಿಲ್ಲ. ಆ ವೀಕ್ಷಕರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನ್ನಲ್ಲಿಲ್ಲ.

ಕೆಲವರು ಅಕ್ರಮ ಸಕ್ರಮದ ಮಾತೆತ್ತುತ್ತಾರೆ: ಇಂದಲ್ಲ ನಾಳೆ ಸರ್ಕಾರ ದಂಡ ಕಟ್ಟಿಸಿಕೊಂಡು ಎಲ್ಲವನ್ನೂ ಸರಿಮಾಡುತ್ತದೆ ಎಂದು. ಆ ಯೋಜನೆಗೆ 2017ರ ಜನವರಿಯಲ್ಲಿಯೇ ಸುಪ್ರೀಂ ಕೋರ್ಟ್ ತಡೆ ನೀಡಿತು. ಅಂದು ಅದನ್ನು ನಂಬಿ ಕೊಂಡವರ ಮಕ್ಕಳು ಈಗ ಹೈಸ್ಕೂಲು ಸೇರಿದ್ದಾರೆ. ಇನ್ನು ಕೆಲವರು, ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ಮೂವತ್ತು ನಲವತ್ತರ ನಿವೇಶನದಲ್ಲಿ ಮಿತಿಯೊಳಗೆ ಕಟ್ಟಿದ ಮನೆಗೆ ಸಿಗುವ ವಿನಾಯಿತಿಯನ್ನು ಅರವತ್ತು ಫ್ಲ್ಯಾಟುಗಳ ಅಪಾರ್ಟ್‌ಮೆಂಟಿಗೆ ಹೊಂದಿಸುವುದು ವಾದವೇ ಅಲ್ಲ, ಅದಕ್ಕೆ ಉತ್ತರಿಸುತ್ತಾ ನಾನು ಸಮಯ ಕಳೆಯುವುದಿಲ್ಲ.

2022ರ ಸೆಪ್ಟೆಂಬರ್ ಮಳೆಯನ್ನು ನೆನಪಿಸಿಕೊಳ್ಳಿ. ಸರ್ಜಾಪುರ ರಸ್ತೆ, ಬೆಳ್ಳಂದೂರು, ಮಹದೇವಪುರದ ಕಡೆ ದುಬಾರಿ ಬಡಾವಣೆಗಳ ಜನರನ್ನು ದೋಣಿಗಳಲ್ಲಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ಕರೆತಂದದ್ದನ್ನು ಇಡೀ ದೇಶ ನೋಡಿತು. ಆ ಮನೆಗಳಲ್ಲಿ ಸಾಲ ಪಡೆದು ಕೊಂಡವು ಇರಲಿಲ್ಲವೇ? ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು, ಕೆರೆಯ ಅಂಗಳ ಎಲ್ಲಿಯವರೆಗಿತ್ತು ಎಂಬುದನ್ನು ನಿಮ್ಮ ಪರವಾಗಿ ಯಾರೂ ಹುಡುಕುವುದಿಲ್ಲ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರೂ ಹತ್ತಿರದ ಕಾಲುವೆಯೂ ಕಾಣುತ್ತವೆ. ಅದನ್ನು ಬಳಸುವ ಬಗೆಯನ್ನು ಹಂತಹಂತವಾಗಿ ವಿವರಿಸಿದ ಸಂಚಿಕೆ ನಮ್ಮ ಚಾನೆಲ್‌ನಲ್ಲಿಯೇ ಇದೆ. ಮನೆ ಹುಡುಕುತ್ತಿರುವ ನಿಮ್ಮ ಅಕ್ಕ, ಅಣ್ಣ, ಭಾವ, ಯಾರಿದ್ದರೂ ದಯವಿಟ್ಟು ಅವರಿಗೆ ಕಳುಹಿಸಿ, ಚಾನೆಲ್‌ಗೆ ಚಂದಾದಾರರಾಗಿ.

"ಇವತ್ತೇ ಮುಂಗಡ ಕೊಡಿ, ನಾಳೆ ಬೆಲೆ ಏರುತ್ತದೆ, ಬ್ಯಾಂಕಿನವರು ಇಲ್ಲೇ ಕೂತಿದ್ದಾರೆ" ಎಂದು ಮಾರಾಟದ ಕಚೇರಿಯಲ್ಲಿ ಹೇಳುವುದನ್ನು ನೀವೂ ಕೇಳಿರುತ್ತೀರಿ. ಕಟ್ಟುತ್ತಿರುವ ಯೋಜನೆಯಾದರೆ, ಮಾರಾಟದ ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ಪಡೆಯುವುದನ್ನು ರೇರಾ ನಿಷೇಧಿಸಿದೆ. ಅದಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಡಿ. ಅಂಥ ಯೋಜನೆಗೆ ಓಸಿ ಇನ್ನೂ ಬಂದಿರುವುದಿಲ್ಲ, ನಿಜ. ಆಗ ಮಂಜೂರಾದ ನಕ್ಷೆಯನ್ನೂ ರೇರಾ ನೋಂದಣಿ ಸಂಖ್ಯೆಯನ್ನೂ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿರುವ ನಕ್ಷೆಯೊಂದಿಗೆ ಮಹಡಿಗಳನ್ನು ಎಣಿಸಿ ಹೋಲಿಸಿ, ಓಸಿ ಬರುವವರೆಗೆ ಕೀಲಿಕೈ ತೆಗೆದುಕೊಳ್ಳಬೇಡಿ. ಜನ ವಾಸಕ್ಕೆ ಬಂದು ವರ್ಷಗಳಾಗಿರುವ ಕಟ್ಟಡದಲ್ಲಿ "ಓಸಿ ಇನ್ನೇನು ಬರುತ್ತದೆ" ಎಂದರೆ ನಂಬಲೇಬೇಡಿ.

ಇಷ್ಟಾದ ಮೇಲೂ "ಆದರೆ ಬ್ಯಾಂಕು..." ಎಂದು ಬರೆಯುವವರಿಗೆ ಹೇಳುತ್ತೇನೆ: ಬ್ಯಾಂಕು ಆ ಮನೆಯಲ್ಲಿ ವಾಸಿಸುವುದಿಲ್ಲ! ಇಪ್ಪತ್ತು ವರ್ಷ ಕಂತು ಕಟ್ಟುವವರು ನೀವು, ನೋಟಿಸು ಬಂದರೆ ಪಾಲಿಕೆಗೆ ಅಲೆಯುವವರು ನೀವು, ಮಾರಲು ಹೋದಾಗ ಕೊಳ್ಳುವವರ ಪ್ರಶ್ನೆಗೆ ಉತ್ತರಿಸಬೇಕಾದವರೂ ನೀವು. ಓಸಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಫ್ಲ್ಯಾಟು ಎಷ್ಟೇ ಚೆನ್ನಾಗಿರಲಿ, ಬಾಲ್ಕನಿಯಿಂದ ಕೆರೆ ಕಾಣಲಿ, ಕಚೇರಿ ಹತ್ತಿರವಿರಲಿ, ಎದ್ದು ಬನ್ನಿ. ಮುಂದಿನ ವಾರ ಬಿ ಖಾತೆಯ ಬಗ್ಗೆ ಮಾತನಾಡುತ್ತೇನೆ. ನಿಮ್ಮ ಪ್ರಶ್ನೆಗಳನ್ನು ಅಷ್ಟರೊಳಗೆ ಕೆಳಗೆ ಬರೆದಿಡಿ.