ಬಾಯಿಬಿಟ್ಟು ಕೇಳಿ

ಕೇಳುಗರಿಗೆ ನಮಸ್ಕಾರ. ಆತ್ಮಹತ್ಯೆ ತಡೆಯೋದು ಹೇಗೆ ಅಂತ ಹೇಳಿ ಎಂದು ಚಿತ್ರದುರ್ಗ ಆಕಾಶವಾಣಿಯವರು ಕರೆದಿದ್ದಾರೆ. ಮನೋವೈದ್ಯನಾಗಿ ನಾನು ಹೇಳೋದು ಒಂದೇ: ಅನುಮಾನ ಬಂದರೆ ಬಾಯಿಬಿಟ್ಟು ಕೇಳಿ.

2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ಹೀಗೆ ಹೋದರು. ಕಾಲುಭಾಗಕ್ಕೂ ಹೆಚ್ಚು ಮಂದಿ ದಿನಗೂಲಿಯವರು. ಇಷ್ಟು ಜನ ಡೆಂಗೆಯಿಂದ ಸತ್ತಿದ್ದರೆ ಊರೂರಿಗೆ ಹೊಗೆ ಹೊಡೆಸುತ್ತಿದ್ದೆವು. ಇದಕ್ಕೆ ಮಾತ್ರ ಹಣೆಬರಹ ಅಂತೀವಿ!

ಹಿರಿಯೂರು ಕಡೆಯ ಒಬ್ಬ ರೈತ. ಈರುಳ್ಳಿಗೆ ರೇಟು ಬಿತ್ತು, ಕಿತ್ತ ಕೂಲಿಯೂ ಹುಟ್ಟಲಿಲ್ಲ. ಊಟ ಬಿಟ್ಟ, ಮಾತು ಬಿಟ್ಟ. ಒಂದು ಸಂಜೆ ತನ್ನ ಜೋಡೆತ್ತು ಅಣ್ಣನಿಗೆ ಒಪ್ಪಿಸಿ, 'ನೀನೇ ನೋಡ್ಕೊ' ಅಂದ. ಮನೆಯವರೆಲ್ಲ ಬೇಜಾರು ಅಂದುಕೊಂಡರು. ಅವನ ಅತ್ತಿಗೆ ಮಾತ್ರ ರೊಟ್ಟಿ ಬಡಿಯೋದು ಬಿಟ್ಟು, ಹಿಟ್ಟಿನ ಕೈಯಲ್ಲೇ ಎದ್ದು ಬಂದು ಕೇಳಿದಳು: 'ಏನಪ್ಪಾ, ಸಾಯೋ ಯೋಚನೆ ಏನಾದ್ರೂ ಮಾಡೀಯಾ?' ಅವನು ಗೋಡೆ ನೋಡಿದ. ಆಮೇಲೆ ಮಗುವಿನ ಹಾಗೆ ಅತ್ತ. ಆಯಮ್ಮ ಬುದ್ಧಿ ಹೇಳಲಿಲ್ಲ, 'ಹೆಂಡ್ತಿ ಮಕ್ಕಳ ಮುಖ ನೋಡು' ಅನ್ನಲಿಲ್ಲ. ಬೆಳೆಗೆ ಹೊಡೆಯೋ ಔಷಧಿಯನ್ನೆಲ್ಲ ಪಕ್ಕದ ಮನೆಯ ಟ್ರಂಕಿಗೆ ಹಾಕಿಸಿ, ಕೀಲಿ ಸೆರಗಿಗೆ ಕಟ್ಟಿಕೊಂಡಳು. ರಾತ್ರಿ ಅವನ ಪಕ್ಕ ಮಗನನ್ನು ಮಲಗಿಸಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನ ಹತ್ತಿರ ಕರೆತಂದಳು. 'ಡಾಕ್ಟ್ರೇ, ಹಂಗೆ ಕೇಳಿದ್ದು ತಪ್ಪಾಯ್ತಾ?' ಅಂತ ಅಳುಕುತ್ತಲೇ ಕೇಳಿದಳು. ನಾನು ಓದಿ ಕಲಿತದ್ದನ್ನ ಆಕೆ ಓದದೇ ಮಾಡಿದ್ದಳು! ಸಾಲ ಇನ್ನೂ ತೀರಿಲ್ಲ. ಆದರೆ ಮಾತ್ರೆಗೆ ಬಂದಾಗಲೆಲ್ಲ ನನಗೆ ಶೇಂಗಾ ತರ್ತಾನೆ, ಬೇಡ ಅಂದರೂ ಕೇಳಲ್ಲ.

'ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂಗಲ್ವಾ?' ಇದನ್ನ ನನಗೆ ಎಷ್ಟು ಜನ ಕೇಳ್ತೀರಿ! ಇಲ್ಲ, ತುಂಬಲ್ಲ. ಎದೆ ಹಗುರಾಗುತ್ತೆ. ಸಾಯಬೇಕೆನ್ನುವ ಆ ತೀವ್ರ ಗಳಿಗೆ ಬಹಳ ಜನರಲ್ಲಿ ಬಂದು ಹೋಗುವಂಥದ್ದು. ಆಗ ಬೆಳೆಗೆ ಹೊಡೆಯೋ ಔಷಧಿ ಕೈಗೆಟುಕಬಾರದು, ಅಷ್ಟೇ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಎರಡು ದಶಕಗಳಲ್ಲಿ ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳಿಯಿತು. ಇಳುವರಿಯೇನೂ ಕುಸಿಯಲಿಲ್ಲ.

ಕೇಸಾಗುತ್ತೆ ಅಂತ ಮುಚ್ಚಿಡೋರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಶಿಕ್ಷಿಸುವಂತಿಲ್ಲ. ಕುಡಿತದ ಬಗ್ಗೆ, ಪರೀಕ್ಷೆ ಬರೆಯೋ ಮಕ್ಕಳ ಬಗ್ಗೆ ಹೇಳೋದಿತ್ತು, ಗಾಜಿನಾಚೆಯಿಂದ ಸನ್ನೆ ಮಾಡ್ತಿದ್ದಾರೆ. ನಂಬರ್ ಬರ್ಕೊಳ್ಳಿ: 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೇಳೋಕೆ ಧೈರ್ಯ ಸಾಲದಿದ್ದರೆ, ಹೇಗೆ ಕೇಳಬೇಕು ಅಂತ ಅವರನ್ನೇ ಕೇಳಿ. ನಮಸ್ಕಾರ.