ಆಸ್ಟ್ರೋಫಿಸಿಕ್ಸ್ ಗುಂಪಿಗೆ ಮೇಲ್ ಹಾಕುವ ಮೊದಲು ಈ ಗ್ರಾಫ್ ಮಾಡಿ

ನಮಸ್ಕಾರ. ಮಣಿಪಾಲದ ಮಳೆ ಕಾಣ್ತಾ ಉಂಟಲ್ಲ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಟೆಲಿಸ್ಕೋಪ್ ಹೆಚ್ಚಾಗಿ ಮೂಲೆ ಸೇರುತ್ತದೆ. ಕಂಪ್ಯೂಟರಿನಲ್ಲಿ ಮಾಡುವ ಖಗೋಳ ಭೌತಶಾಸ್ತ್ರಕ್ಕೆ ಮೋಡದ ಹಂಗಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇರುವ ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಇವತ್ತೇ ಶುರು ಮಾಡಬಹುದು.

ಕೊಣಾಜೆ, ಸುರತ್ಕಲ್, ಮಣಿಪಾಲ, ಎಲ್ಲಿ ಓದುತ್ತಿದ್ದರೂ ಸರಿ. ಖಗೋಳ ಭೌತಶಾಸ್ತ್ರದ ಸಂಶೋಧನಾ ಗುಂಪೊಂದನ್ನು ಸೇರಬೇಕೆಂದಿದ್ದರೆ, ಬ್ಲ್ಯಾಕ್ ಹೋಲ್ ಇಷ್ಟ ಅಂತ ಅಲ್ಲಿನ ಪ್ರೊಫೆಸರಿಗೆ ಉದ್ದ ಮೇಲ್ ಬರೆಯಬೇಡಿ. ಆ ಗುಂಪಿನ ಇತ್ತೀಚಿನ ಒಂದು ಪ್ರಬಂಧವನ್ನು ಆರ್ಕೈವ್‌ನಲ್ಲಿ (arXiv, ಸಂಶೋಧನಾ ಪ್ರಬಂಧಗಳು ಉಚಿತವಾಗಿ ಸಿಗುವ ಜಾಲತಾಣ) ಓದಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ, ನಿಮ್ಮ ಕೋಡಿನ ಒಂದು ಗ್ರಾಫ್ ಸೇರಿಸಿ. ಅರ್ಧ ಪುಟ ಸಾಕು.

ಯಾವ ಗ್ರಾಫ್? ಸೂರ್ಯನ ಸುತ್ತ ಒಂದು ಗ್ರಹವನ್ನು ಓಡಿಸಿ, ಅದರ ಶಕ್ತಿಯ ಲೆಕ್ಕದಲ್ಲಿ ಕಾಲ ಕಳೆದಂತೆ ಎಷ್ಟು ದೋಷ ಬರುತ್ತದೆ ಎಂದು ತೋರಿಸುವ ಗ್ರಾಫ್. ದೂರ ಖಗೋಳಮಾನದಲ್ಲಿ (ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ), ಕಾಲ ವರ್ಷದಲ್ಲಿ, ದ್ರವ್ಯರಾಶಿ ಸೂರ್ಯನ ಲೆಕ್ಕದಲ್ಲಿ ಇಟ್ಟರೆ ಗುರುತ್ವ ಸ್ಥಿರಾಂಕ ಜಿ ಅಂದರೆ 4 ಪೈ ವರ್ಗ, ಸುಮಾರು 39.48. ಗ್ರಾಂ, ಸೆಂಟಿಮೀಟರ್ ಹಿಡಿದು ಕೂತರೆ ಸೂರ್ಯನ ತೂಕವೇ 10ರ 33ನೇ ಘಾತಕ್ಕೆ ಹೋಗುತ್ತದೆ. ಅದರ ವರ್ಗ 32 ಬಿಟ್ ಸಂಖ್ಯೆಯಲ್ಲಿ ಹಿಡಿಸುವುದೇ ಇಲ್ಲ, ಉತ್ತರ ಅನಂತ ಅಂತ ಬರುತ್ತದೆ.

ಗ್ರಹವನ್ನು ಸೂರ್ಯನಿಂದ 0.5 ಖಗೋಳಮಾನ ದೂರದಲ್ಲಿಟ್ಟು, ಅಡ್ಡಕ್ಕೆ ವರ್ಷಕ್ಕೆ 10.88 ಖಗೋಳಮಾನ ವೇಗ ಕೊಡಿ. ಒಂದು ವರ್ಷದಲ್ಲಿ ಸುತ್ತು ಮುಗಿಸುವ ದೀರ್ಘವೃತ್ತ ಸಿಗುತ್ತದೆ. ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಕಾಲದ ಹೆಜ್ಜೆ 0.001 ವರ್ಷ. ಮೊದಲು ಆಯ್ಲರ್ ವಿಧಾನ (ಹೆಜ್ಜೆಯ ಆರಂಭದ ವೇಗ, ವೇಗೋತ್ಕರ್ಷದಿಂದಲೇ ಇಡೀ ಹೆಜ್ಜೆ ಇಡುವುದು) ಹಾಕಿ: ಸ್ಕ್ರೀನ್ ನೋಡಿ, ಗ್ರಹ ಸುತ್ತು ಸುತ್ತಿಗೂ ಹೊರಕ್ಕೆ ಸರಿಯುತ್ತಿದೆ, ಇಲ್ಲದ ಶಕ್ತಿ ಹುಟ್ಟುತ್ತಿದೆ. ಈಗ ಲೀಪ್‌ಫ್ರಾಗ್ ಎಂಬ ಇನ್ನೊಂದು ವಿಧಾನ: ವೇಗಕ್ಕೆ ಅರ್ಧ ಹೆಜ್ಜೆ, ಸ್ಥಾನಕ್ಕೆ ಪೂರ್ತಿ, ಮತ್ತೆ ವೇಗಕ್ಕೆ ಅರ್ಧ. ಶಕ್ತಿಯ ದೋಷ ಏರಿ ಇಳಿಯುತ್ತದೆ, ಆದರೆ ಬೆಳೆಯುತ್ತಾ ಹೋಗುವುದಿಲ್ಲ.

ಇಲ್ಲಿಗೆ ನಿಲ್ಲಿಸಬೇಡಿ ಮಾರಾಯ್ರೆ, ಮುಖ್ಯವಾದದ್ದು ಮುಂದೆ ಉಂಟು. ಹೆಜ್ಜೆಯನ್ನು 0.0005 ಮಾಡಿ. ಗರಿಷ್ಠ ದೋಷ ನಾಲ್ಕನೇ ಒಂದಕ್ಕೆ ಇಳಿಯಬೇಕು. ಅರ್ಧಕ್ಕೆ ಮಾತ್ರ ಇಳಿದರೆ, ಸ್ಥಾನ ಬದಲಾದ ಮೇಲೆ ವೇಗೋತ್ಕರ್ಷವನ್ನು ಮತ್ತೆ ಲೆಕ್ಕ ಹಾಕಲಿಲ್ಲವೋ ಅಂತ ಮೊದಲು ನೋಡಿ. ಚಿತ್ರ ಮಾತ್ರ ನೋಡಿದರೆ ತಪ್ಪು ಎಷ್ಟೆಂದು ತಿಳಿಯುವುದಿಲ್ಲ. ಕೋಡ್ ಎಷ್ಟು ತಪ್ಪುತ್ತದೆ ಎಂದು ಅಳೆದು ಹೇಳಬಲ್ಲ ವಿದ್ಯಾರ್ಥಿಯನ್ನು ಯಾವ ಗುಂಪೂ ಗಂಭೀರವಾಗಿಯೇ ನೋಡುತ್ತದೆ, ನಮ್ಮ ಅಭಿಪ್ರಾಯದಲ್ಲಿ ಅಂಕಪಟ್ಟಿಗಿಂತ ಇದೇ ದೊಡ್ಡದು.

ಆಮೇಲೆ ಒಂದನ್ನೊಂದು ಸೆಳೆಯುವ 1000 ಕಣಗಳಿಗೆ ಹೋಗಿ. ಪ್ರತಿ ಹೆಜ್ಜೆಗೂ 4,99,500 ಜೋಡಿ ಲೆಕ್ಕ. ಪೈಥಾನ್ ಲೂಪ್ ತೆವಳುತ್ತದೆ, ಸಂಖ್ಯೆಗಳ ಸಾಲನ್ನೇ ಒಟ್ಟಿಗೆ ಲೆಕ್ಕ ಹಾಕುವ ನಮ್‌ಪೈ (NumPy) ಲೈಬ್ರರಿ ಬಳಸಿ. ಗೆಲಾಕ್ಸಿಗಳ ಸಂಶೋಧನೆ ಮಾಡುವ ಗುಂಪುಗಳಲ್ಲಿ ಬಳಕೆಯಲ್ಲಿರುವ ಟ್ರೀ ವಿಧಾನವನ್ನು (ದೂರದ ಕಣಗಳ ಗೊಂಚಲನ್ನು ಒಂದೇ ಕಣದಂತೆ ಲೆಕ್ಕ ಹಾಕುವುದು) ಬಾರ್ನ್ಸ್ ಮತ್ತು ಹಟ್ 1986ರಲ್ಲಿ ಪ್ರಕಟಿಸಿದ್ದು ಈ ಹೊರೆ ತಗ್ಗಿಸಲಿಕ್ಕೇ. ಜೊತೆಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕಲಿತಿರಿ.

ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗದ ಈ ಮಳೆಗಾಲದಲ್ಲಿ, ಅರ್ಧ ಗಂಟೆಗೊಮ್ಮೆ ಎಲ್ಲ ಕಣಗಳ ಸ್ಥಾನ, ವೇಗ, ಸಮಯ ಉಳಿಸುವ ಹಾಗೆ ಕೋಡ್ ಬರೆಯಿರಿ. ಆರು ಅಂಕಿಗೆ ಕತ್ತರಿಸಿ ಉಳಿಸಬೇಡಿ, ಬೈನರಿ ಫೈಲಿನಲ್ಲಿ ಪೂರ್ತಿ 64 ಬಿಟ್ ಇರಲಿ. ಬೇಕೆಂದೇ ನಡುವೆ ನಿಲ್ಲಿಸಿ, ಅಲ್ಲಿಂದ ಮುಂದುವರಿಸಿ ನೋಡಿ: ಅದೇ ಮೆಷಿನ್‌ನಲ್ಲಿ, ತಡೆಯಿಲ್ಲದೆ ಓಡಿದ ಉತ್ತರಕ್ಕೂ ಇದಕ್ಕೂ ಕೊನೆಯ ಅಂಕಿವರೆಗೆ ವ್ಯತ್ಯಾಸ ಇರಬಾರದು.