ತಪ್ಪು ಜಾಲತಾಣದ್ದು, ತಪ್ಪೊಪ್ಪಿಗೆ ನಮ್ಮದು

ವಿಳಾಸ ಬದಲಾಯಿಸಬೇಕೆಂದು ಸರ್ಕಾರಿ ಜಾಲತಾಣವೊಂದನ್ನು ತೆರೆದ ಹಿರಿಯರೊಬ್ಬರ ಪಕ್ಕದಲ್ಲಿ ಒಮ್ಮೆ ಕುಳಿತಿದ್ದೆ. ಮೆನುವಿನಲ್ಲಿ ಒಂದು ಕಡೆ ‘ಸೇವೆಗಳು’, ಇನ್ನೊಂದು ಕಡೆ ‘ಆನ್‌ಲೈನ್ ಸೇವೆಗಳು’, ಅದರ ಪಕ್ಕದಲ್ಲಿ ‘ನಾಗರಿಕರ ವಿಭಾಗ’. ಅವರ ಬೆರಳು ಮೂರರ ಮೇಲೂ ಓಡಾಡಿತು, ಯಾವುದನ್ನೂ ಒತ್ತಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, ‘ನನಗೆ ಇದೆಲ್ಲ ತಿಳಿಯುವುದಿಲ್ಲ ಬಿಡಪ್ಪ’ ಎಂದರು. ನೋಡಿ, ತಪ್ಪು ಜಾಲತಾಣದ್ದು, ತಪ್ಪೊಪ್ಪಿಗೆ ಅವರದು!

ಹೀಗೇಕಾಗುತ್ತದೆ? ಮೆನು ತಯಾರಾಗುವುದು ಕಚೇರಿಯ ಸಭೆಯಲ್ಲಿ. ಪ್ರತಿ ವಿಭಾಗಕ್ಕೂ ಮುಖಪುಟದಲ್ಲಿ ಜಾಗ ಬೇಕು. ಯಾರಿಗೂ ಬೇಸರವಾಗದಂತೆ ಹಂಚಿದರೆ ಕಚೇರಿಯ ಕೊಠಡಿಗಳ ಪಟ್ಟಿಯೇ ಮೆನುವಾಗುತ್ತದೆ. ವಿಳಾಸ ಬದಲಾಯಿಸಲು ಬಂದವರಿಗೆ ಅದು ಯಾವ ವಿಭಾಗದ ಪಾಲಿನ ಕೆಲಸವೆಂಬುದು ಏಕೆ ಗೊತ್ತಿರಬೇಕು?

ಇದನ್ನು ಸರಿಪಡಿಸುವ ದಾರಿ ಹೊಸದೇನಲ್ಲ. ಡೈರೆಕ್ಟ್‌ಗವ್, ಬಿಸಿನೆಸ್ ಲಿಂಕ್ ಎಂಬ ಎರಡು ಸರ್ಕಾರಿ ತಾಣಗಳನ್ನು ಬದಿಗಿಟ್ಟು ಬ್ರಿಟನ್ 2012ರಲ್ಲಿ ಗವ್.ಯುಕೆ ಎಂಬ ಒಂದೇ ತಾಣವನ್ನು ಆರಂಭಿಸಿದಾಗ ಅದರ ವಿನ್ಯಾಸ ಸೂತ್ರಗಳಲ್ಲಿ ಮೊದಲನೆಯದು, ಬಳಕೆದಾರರ ಅಗತ್ಯದಿಂದ ಹೊರಡಬೇಕು ಎಂಬುದು. ಅಲಂಕಾರವೇ ಇಲ್ಲದ ಆ ತಾಣಕ್ಕೆ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ವಿನ್ಯಾಸ ಪ್ರಶಸ್ತಿ ಕೊಟ್ಟಿತು. ಓಡುವ ಅಕ್ಷರಗಳನ್ನೂ ಮಂತ್ರಿಗಳ ಭಾವಚಿತ್ರಗಳನ್ನೂ ಅಂದವೆಂದು ತಿಳಿದವರು ಇದನ್ನೊಮ್ಮೆ ಯೋಚಿಸಬೇಕು.

ಆ ಅಗತ್ಯವನ್ನು ತಿಳಿಯಲು ಮಾಡುವ ಬಳಕೆದಾರರ ಅಧ್ಯಯನವೆಂದರೆ ‘ನಿಮಗೆ ತೃಪ್ತಿಯಾಯಿತೇ?’ ಎಂದು ಐದು ನಕ್ಷತ್ರ ಕೇಳುವುದಲ್ಲ. ಕೆಲಸಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಜನರ ಮುಂದೆ ಹರಡಿ. ಯಾವುದರ ಜೊತೆ ಯಾವುದು ಸೇರುತ್ತದೆಂದು ಅವರೇ ಗುಂಪು ಮಾಡಲಿ, ಗುಂಪಿಗೆ ಹೆಸರನ್ನೂ ಅವರೇ ಇಡಲಿ. ಆಮೇಲೆ ಬಣ್ಣ, ಚಿತ್ರ ಏನೂ ಇಲ್ಲದೆ ಬರಿಯ ಮೆನುವಿನ ಹೆಸರುಗಳನ್ನು ತೋರಿಸಿ, ‘ವಿಳಾಸ ಬದಲಾಯಿಸಲು ಎಲ್ಲಿ ಒತ್ತುತ್ತೀರಿ?’ ಎಂದು ಕೇಳಿ. ಐದು ಜನರನ್ನು ಕೂರಿಸಿದರೆ ಹೆಚ್ಚಿನ ತೊಡಕುಗಳು ಹೊರಬೀಳುತ್ತವೆ ಎಂದು ಜಾಲತಾಣಗಳ ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ವಾದಿಸಿದ್ದರು. ಆದರೆ ಆ ಐವರೂ ಕಚೇರಿಯ ಕಂಪ್ಯೂಟರ್ ಬಲ್ಲ ಹುಡುಗರೇ ಆದರೆ ಏನು ಬಂತು? ಪರದೆಯನ್ನು ಓದಿಸಿಕೊಂಡು ಕೇಳುವ ಅಂಧರೊಬ್ಬರು, ಒಡೆದ ಗಾಜಿನ ಹಳೆಯ ಮೊಬೈಲ್ ಹಿಡಿದವರೊಬ್ಬರು ಅದರಲ್ಲಿ ಇರಲೇಬೇಕು.

ಇದರಲ್ಲಿ ಅತ್ಯಂತ ಕಷ್ಟದ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಎದುರಿನವರು ತಡಕಾಡುವಾಗ ಪಕ್ಕದಲ್ಲಿ ಕುಳಿತ ಅಧಿಕಾರಿಯ ಕೈ ತಾನಾಗಿಯೇ ಮೌಸ್ ಕಡೆ ಹೋಗುತ್ತದೆ, ‘ಅಲ್ಲೇ ಇದೆಯಲ್ಲ!’ ಎಂಬ ಮಾತು ನಾಲಗೆಯ ತುದಿಗೆ ಬಂದಿರುತ್ತದೆ. ಹೇಳಿದರೆ ಕೆಟ್ಟಿತು. ಆ ಅಧಿಕಾರಿ ಎಲ್ಲರ ಮನೆಗೂ ಹೋಗಿ ಪಕ್ಕದಲ್ಲಿ ಕೂರುತ್ತಾರೆಯೇ?

ಬಿಟ್ಟಿಯಾಗಿ ಸಿಗುವ ಪಾಠವೂ ಒಂದಿದೆ. ಹುಡುಕಾಟದ ಪೆಟ್ಟಿಗೆಯಲ್ಲಿ ಜನ ಬರೆದು, ಏನೂ ಸಿಗದೆ ಮರಳಿದ ಪದಗಳ ಪಟ್ಟಿ. ನೀವು ‘ನಿವಾಸ ಪರಿವರ್ತನೆ’ ಎನ್ನುತ್ತಿದ್ದೀರಿ, ಅವರು ‘ಮನೆ ಬದಲಾಯಿಸಿದೆ’ ಎನ್ನುತ್ತಿದ್ದಾರೆ.

ಅಂದ ಹಾಗೆ, ಆ ಹಿರಿಯರಿಗೆ ಬೇಕಾದದ್ದು ಕೊನೆಗೆ ಸಿಕ್ಕಿತು. ‘ಇತರೆ’ಯ ಒಳಗೆ ‘ನಮೂನೆಗಳು’, ಅದರಲ್ಲಿ ಹನ್ನೊಂದನೆಯ ಸಾಲು. ಹೆಸರಿರಲಿಲ್ಲ, ಬರೀ ಸಂಖ್ಯೆ. ಹುಡುಕಿದ್ದು ನಾನಲ್ಲ. ಫೋನ್ ಮಾಡಿದಾಗ ಕಚೇರಿಯ ಗುಮಾಸ್ತರು ಬಾಯಿಪಾಠ ಒಪ್ಪಿಸಿದರು.